ಶರಣಾದವರು ಯಾರು, ಬಿಡುಗಡೆಯಾದವರು ಯಾರು? 1945ರ ಕೊನೆಯ ಸಹಿಗಳ ಕತೆ

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ. ಉತ್ತರ ಮತ್ತು ದಕ್ಷಿಣ ಕೊರಿಯಾ ಎರಡಕ್ಕೂ ಅದೇ ದಿನ ವಿಮೋಚನೆಯ ದಿನ. ಇದು ಬರೀ ಕಾಕತಾಳೀಯ ಅಲ್ಲ. 1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಚಕ್ರವರ್ತಿ ಹಿರೋಹಿತೊ ರೇಡಿಯೋದಲ್ಲಿ ಮಾತಾಡಿ, ಯುದ್ಧ ನಿಲ್ಲಿಸುತ್ತಿದ್ದೇವೆ ಎಂದು ತನ್ನ ಪ್ರಜೆಗಳಿಗೆ ತಿಳಿಸಿದ. ಆಗ ಆಗ್ನೇಯ ಏಷ್ಯಾದಲ್ಲಿ ಮಿತ್ರಪಡೆಗಳ ಮಹಾದಂಡನಾಯಕ ಆಗಿದ್ದದ್ದು ಲೂಯಿ ಮೌಂಟ್‌ಬ್ಯಾಟನ್. ಎರಡು ವರ್ಷದ ನಂತರ ಭಾರತಕ್ಕೆ ಅಧಿಕಾರ ಬಿಟ್ಟುಕೊಡುವ ದಿನಾಂಕ ಆರಿಸಬೇಕಾಗಿ ಬಂದಾಗ ಆತನಿಗೆ ನೆನಪಾದದ್ದು ಆ ಗೆಲುವಿನ ಎರಡನೇ ವಾರ್ಷಿಕೋತ್ಸವ. ಮುಂದೆ ಆತನೇ ಇದನ್ನು ಹೇಳಿಕೊಂಡಿದ್ದಾನೆ. ಅಂದ್ರೆ ನಾವು ಪ್ರತಿವರ್ಷ ಬಾವುಟ ಹಾರಿಸುವ ದಿನದ ಹಿಂದೆ ಇನ್ನೊಂದು ದೇಶದ ಶರಣಾಗತಿಯ ನೆರಳಿದೆ.

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದು ಒಂದೇ ಸಾಲು: 1945ರಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಮುಗಿದದ್ದು ಹೇಗೆ, ಯಾರು ಯಾರಿಗೆ ಶರಣಾದರು, ಸಹಿ ಹಾಕುವ ಮೇಜಿನ ಸುತ್ತ ಯಾರಿದ್ದರು, ಯಾರನ್ನು ಕರೆದೇ ಇರಲಿಲ್ಲ? ಇದನ್ನು ಒಂದೇ ಕಡೆ ಜೋಡಿಸಿಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಯುರೋಪಿನ ಭಾಗವನ್ನು ಬೇಗ ದಾಟುತ್ತೇನೆ. ಅದರ ಬಗ್ಗೆ ಸಿನಿಮಾಗಳೇ ಬೇಕಾದಷ್ಟಿವೆ. ಏಷ್ಯಾದ ಭಾಗದಲ್ಲಿ ನಿಲ್ಲುತ್ತೇನೆ, ಯಾಕಂದ್ರೆ ಅಲ್ಲಿ ಬಂದೂಕು ಹಿಡಿದಿದ್ದವರಲ್ಲಿ ನಮ್ಮವರಿದ್ದರು.

ಜರ್ಮನಿ ಎರಡು ಸಲ ಶರಣಾಯಿತು

ಹಿಟ್ಲರ್ ಸತ್ತದ್ದು ಏಪ್ರಿಲ್ 30ರಂದು. ಮೇ 2ಕ್ಕೆ ಬರ್ಲಿನ್ ಕಾವಲುಪಡೆ ಸೋವಿಯತ್ ಸೇನೆಗೆ ಶರಣಾಯಿತು. ಅದೇ ದಿನ ಇಟಲಿಯಲ್ಲಿದ್ದ ಜರ್ಮನ್ ಪಡೆಗಳ ಶರಣಾಗತಿಯೂ ಜಾರಿಗೆ ಬಂತು. ಮೇ 4ರಂದು ನೆದರ್‌ಲೆಂಡ್ಸ್, ಡೆನ್ಮಾರ್ಕ್ ಮತ್ತು ವಾಯವ್ಯ ಜರ್ಮನಿಯ ಪಡೆಗಳು ಬ್ರಿಟಿಷ್ ಸೇನಾನಿ ಮಾಂಟ್‌ಗೊಮರಿ ಮುಂದೆ ಸಹಿ ಹಾಕಿದವು. ಹೀಗೆ ತುಂಡುತುಂಡಾಗಿ ಶರಣಾಗುವುದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ಹಿಟ್ಲರನ ನಂತರ ಅಧಿಕಾರ ಹಿಡಿದ ಅಡ್ಮಿರಲ್ ಡೋನಿಟ್ಜ್‌ಗೆ ಬೇಕಾಗಿದ್ದದ್ದು ಕಾಲಾವಕಾಶ. ಆದಷ್ಟು ಜರ್ಮನ್ ಸೈನಿಕರು ಸೋವಿಯತ್ ಕೈಗೆ ಸಿಗದೆ ಪಶ್ಚಿಮಕ್ಕೆ ಓಡಿಬಂದು ಅಮೆರಿಕ, ಬ್ರಿಟನ್‌ಗಳ ಸೆರೆಯಾಳಾಗಲಿ ಎಂಬುದು ಆತನ ಆಸೆ.

ಮೇ 7ರ ನಸುಕಿನಲ್ಲಿ ಫ್ರಾನ್ಸಿನ ರೀಮ್ಸ್ ನಗರದ ಒಂದು ಶಾಲಾ ಕಟ್ಟಡದಲ್ಲಿ ಜನರಲ್ ಯೋಡ್ಲ್ ಪೂರ್ತಿ ಶರಣಾಗತಿಗೆ ಸಹಿ ಹಾಕಿದ. ಅಲ್ಲಿ ಸೋವಿಯತ್ ಪರವಾಗಿ ಸಹಿ ಮಾಡಿದ ಅಧಿಕಾರಿಗೆ ಮಾಸ್ಕೋದಿಂದ ಒಪ್ಪಿಗೆಯೇ ಬಂದಿರಲಿಲ್ಲ. ಸ್ಟಾಲಿನ್ ಒಪ್ಪಲಿಲ್ಲ. ಯುದ್ಧದ ಅತಿ ದೊಡ್ಡ ಭಾರ ಹೊತ್ತವರು ನಾವು, ಶರಣಾಗತಿ ಬರ್ಲಿನ್‌ನಲ್ಲೇ ಆಗಬೇಕು ಅಂತ ಪಟ್ಟು ಹಿಡಿದ. ಹಾಗಾಗಿ ಮೇ 8ರ ತಡರಾತ್ರಿ ಬರ್ಲಿನ್ನಿನ ಕಾರ್ಲ್ಸ್‌ಹೋರ್ಸ್ಟ್‌ನಲ್ಲಿ, ಮಾರ್ಷಲ್ ಝುಕೋವ್ ಮುಂದೆ, ಕೈಟೆಲ್ ಮತ್ತೊಮ್ಮೆ ಸಹಿ ಹಾಕಬೇಕಾಯಿತು. ಅಷ್ಟೊತ್ತಿಗೆ ಮಾಸ್ಕೋ ಗಡಿಯಾರದಲ್ಲಿ ಮೇ 9 ಆಗಿತ್ತು. ಪಶ್ಚಿಮ ಯುರೋಪು ಮೇ 8ರಂದು, ರಷ್ಯಾ ಮೇ 9ರಂದು ವಿಜಯ ದಿನ ಆಚರಿಸುವುದು ಇದಕ್ಕೇ.

ಸಹಿ ಬಿದ್ದ ತಕ್ಷಣ ಬಂದೂಕುಗಳು ಸುಮ್ಮನಾಗಲಿಲ್ಲ. ಜೆಕ್ ನೆಲದಲ್ಲಿ ಇನ್ನೂ ಕೆಲವು ದಿನ ಕಾದಾಟ ನಡೆಯಿತು. ನಾರ್ಮಂಡಿಯಲ್ಲಿ ಮಿತ್ರಪಡೆ ಇಳಿದು ಹನ್ನೊಂದು ತಿಂಗಳಾದರೂ, ಅಲ್ಲಿಂದ ಕಣ್ಣಳತೆಯಲ್ಲೇ ಇದ್ದ ಚಾನೆಲ್ ದ್ವೀಪಗಳಿಗೆ ಬಿಡುಗಡೆ ಸಿಕ್ಕಿದ್ದು ಮೇ 9ಕ್ಕೆ. ಡಚ್ಚರ ಟೆಕ್ಸೆಲ್ ದ್ವೀಪದಲ್ಲಿ ಜರ್ಮನ್ ಸಮವಸ್ತ್ರದಲ್ಲಿದ್ದ ಜಾರ್ಜಿಯನ್ ಸೈನಿಕರು ಬಂಡೆದ್ದಿದ್ದರು. ಅಲ್ಲಿಗೆ ಶಾಂತಿ ಬಂದದ್ದು ಮೇ 20ರಂದು. ಆರ್ಕ್‌ಟಿಕ್‌ನ ಸ್ವಾಲ್‌ಬಾರ್ಡ್‌ನಲ್ಲಿ ಹವಾಮಾನ ವರದಿ ಕಳಿಸುತ್ತಿದ್ದ ಒಂದು ಸಣ್ಣ ಜರ್ಮನ್ ತಂಡವನ್ನಂತೂ ಎಲ್ಲರೂ ಮರೆತೇಬಿಟ್ಟಿದ್ದರು. ಅವರು ಶರಣಾದದ್ದು ಸೆಪ್ಟೆಂಬರ್ ಮೊದಲ ವಾರ, ಅದೂ ಸೀಲ್ ಬೇಟೆಗೆ ಬಂದ ನಾರ್ವೆಯ ಹಡಗಿನವರಿಗೆ.

ಇನ್ನು ಯುರೋಪಿನ "ಬಿಡುಗಡೆ" ಎಲ್ಲರಿಗೂ ಒಂದೇ ಥರ ಇರಲಿಲ್ಲ. ಪೋಲೆಂಡಿನಲ್ಲಿ ನಾಜಿಗಳ ವಿರುದ್ಧ ಭೂಗತವಾಗಿ ಹೋರಾಡಿದ 16 ನಾಯಕರನ್ನು ಸೋವಿಯತ್ ಪೊಲೀಸರು ಮಾರ್ಚ್‌ನಲ್ಲೇ ಮಾತುಕತೆಗೆ ಕರೆದು ಬಂಧಿಸಿದರು. ಜೂನ್‌ನಲ್ಲಿ ಮಾಸ್ಕೋದಲ್ಲಿ ಅವರ ವಿಚಾರಣೆಯೂ ಆಯಿತು. ಸಾಮ್ರಾಜ್ಯಶಾಹಿ ಅಂದ ಕೂಡಲೇ ಬರೀ ಲಂಡನ್ ಕಡೆ ಬೆರಳು ತೋರಿಸುವ ನನ್ನ ಎಡಪಂಥೀಯ ಗೆಳೆಯರಿಗೆ ಈ ಸಾಲು ಮುಟ್ಟಲಿ.

ಇನ್ನೊಂದು ಘಟನೆ ಆಫ್ರಿಕಾದ್ದು. ಯುರೋಪಿನಲ್ಲಿ ಜನ ಬೀದಿಗಿಳಿದು ಕುಣಿಯುತ್ತಿದ್ದ ಅದೇ ಮೇ 8ರಂದು ಅಲ್ಜೀರಿಯಾದ ಸೆತೀಫ್ ಪಟ್ಟಣದಲ್ಲೂ ವಿಜಯದ ಮೆರವಣಿಗೆ ಹೊರಟಿತ್ತು. ಫ್ರಾನ್ಸಿನ ಬಿಡುಗಡೆಗಾಗಿ ಅಲ್ಜೀರಿಯಾದ ಸೈನಿಕರೂ ರಕ್ತ ಸುರಿಸಿದ್ದರಲ್ಲ, ಮೆರವಣಿಗೆಯಲ್ಲಿ ತಮ್ಮದೇ ಬಾವುಟವನ್ನೂ ಹಿಡಿದಿದ್ದರು. ಪೊಲೀಸರು ಗುಂಡು ಹಾರಿಸಿದರು. ಸಿಟ್ಟಿಗೆದ್ದ ಜನ ನೂರರಷ್ಟು ಯುರೋಪಿಯನ್ನರನ್ನು ಕೊಂದರು. ಆಮೇಲೆ ಫ್ರೆಂಚ್ ಸೇನೆ ವಾರಗಟ್ಟಲೆ ಹಳ್ಳಿಗಳ ಮೇಲೆ ಸೇಡು ತೀರಿಸಿಕೊಂಡಿತು. ಸತ್ತವರ ಸಂಖ್ಯೆ ಫ್ರೆಂಚ್ ಸರ್ಕಾರದ ಆಗಿನ ಲೆಕ್ಕದಲ್ಲಿ ಸಾವಿರದ ಆಸುಪಾಸು, ಅಲ್ಜೀರಿಯಾದ ಲೆಕ್ಕದಲ್ಲಿ 45,000. ಏಷ್ಯಾದಲ್ಲಿ ಮುಂದೆ ನಡೆದದ್ದು ಇದೇ ಕತೆ, ಇನ್ನೂ ದೊಡ್ಡದಾಗಿ.

ಮಿಸೌರಿ ಹಡಗಿನ ಮೇಜು

ಆಗಸ್ಟ್ 6ರಂದು ಹಿರೋಶಿಮಾ. 8ರಂದು ಸೋವಿಯತ್ ಯುದ್ಧ ಘೋಷಣೆ. 9ರಂದು ನಾಗಸಾಕಿ. 14ರ ರಾತ್ರಿ ಚಕ್ರವರ್ತಿಯ ಭಾಷಣದ ಧ್ವನಿಮುದ್ರಿಕೆ ಕಸಿದುಕೊಂಡು ಶರಣಾಗತಿ ತಪ್ಪಿಸಲು ಕೆಲವು ಸೇನಾಧಿಕಾರಿಗಳು ಅರಮನೆಗೇ ನುಗ್ಗಿದ್ದರು, ಫಲಿಸಲಿಲ್ಲ. ಮರುದಿನ ಪ್ರಸಾರವಾದ ಭಾಷಣದಲ್ಲಿ ಶರಣಾಗತಿ ಅನ್ನುವ ಪದವೇ ಇರಲಿಲ್ಲ. ಆಸ್ಥಾನದ ಹಳೆಯ ಭಾಷೆಯಲ್ಲಿದ್ದ ಮಾತು ಎಷ್ಟೋ ಜಪಾನೀಯರಿಗೆ ತಿಳಿಯಲೂ ಇಲ್ಲ.

ಅಧಿಕೃತ ಸಹಿ ಬಿದ್ದದ್ದು ಸೆಪ್ಟೆಂಬರ್ 2ರಂದು, ಟೋಕಿಯೋ ಕೊಲ್ಲಿಯಲ್ಲಿ ನಿಂತಿದ್ದ ಅಮೆರಿಕದ ಯುದ್ಧನೌಕೆ ಮಿಸೌರಿಯ ಮೇಲೆ. ಜಪಾನಿನ ಪರವಾಗಿ ವಿದೇಶಾಂಗ ಸಚಿವ ಶಿಗೆಮಿತ್ಸು ಮತ್ತು ಜನರಲ್ ಉಮೆಝು. ಎದುರಿಗೆ ಮಿತ್ರರಾಷ್ಟ್ರಗಳ ಪರವಾಗಿ ಜನರಲ್ ಮೆಕ್‌ಆರ್ಥರ್. ಆತನ ನಂತರ ಒಂದೊಂದು ದೇಶದವರು ಬಂದು ಸಹಿ ಹಾಕಿದರು: ಅಮೆರಿಕ, ಚೀನಾ, ಬ್ರಿಟನ್, ಸೋವಿಯತ್ ಒಕ್ಕೂಟ, ಆಸ್ಟ್ರೇಲಿಯಾ, ಕೆನಡಾ, ಫ್ರಾನ್ಸ್, ನೆದರ್‌ಲೆಂಡ್ಸ್, ನ್ಯೂಜಿಲೆಂಡ್. ಕೆನಡಾದವನು ತಪ್ಪು ಗೆರೆಯ ಮೇಲೆ ಸಹಿ ಮಾಡಿದ್ದರಿಂದ ಅವನ ನಂತರದವರದ್ದೆಲ್ಲ ಒಂದೊಂದು ಸಾಲು ಕೆಳಗೆ ಸರಿಯಿತು. ಜಪಾನೀಯರ ಪ್ರತಿಯಲ್ಲಿ ಅದನ್ನು ಕೈಯಲ್ಲೇ ತಿದ್ದಿಕೊಟ್ಟರು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಚೀನಾ ಬಿಟ್ಟರೆ ಏಷ್ಯಾದ ಒಂದೇ ಒಂದು ದೇಶ ಇಲ್ಲ. ಜಪಾನ್ ಆಕ್ರಮಿಸಿದ್ದ ವಿಯೆಟ್ನಾಂ ಇಲ್ಲ, ಫ್ರಾನ್ಸ್ ಇದೆ. ಇಂಡೋನೇಷ್ಯಾ ಇಲ್ಲ, ನೆದರ್‌ಲೆಂಡ್ಸ್ ಇದೆ. ಬರ್ಮಾ, ಮಲಯ, ಕೊರಿಯಾ, ಫಿಲಿಪ್ಪೀನ್ಸ್ ಇಲ್ಲ. ಆ ಯುದ್ಧಕ್ಕೆ 25 ಲಕ್ಷ ಸೈನಿಕರನ್ನು ಕೊಟ್ಟ ಭಾರತಕ್ಕೂ ಪ್ರತ್ಯೇಕ ಸಹಿ ಇಲ್ಲ. ಕದ್ದ ಮಾಲು ಸಿಕ್ಕಿದಾಗ ಅದು ಯಾರಿಗೆ ವಾಪಸ್ ಹೋಗಬೇಕು ಅನ್ನುವ ಪ್ರಶ್ನೆಗೆ ಆ ಹಾಳೆಯಲ್ಲೇ ಉತ್ತರ ಇತ್ತು: ಅದಕ್ಕೂ ಮುಂಚೆ ಕದ್ದಿದ್ದವನಿಗೆ.

ಅದೇ ಸೆಪ್ಟೆಂಬರ್ 2ರಂದು ಹನೋಯಿಯ ಬಾ ದಿನ್ಹ್ ಮೈದಾನದಲ್ಲಿ ಹೊ ಚಿ ಮಿನ್ಹ್ ವಿಯೆಟ್ನಾಂ ಸ್ವತಂತ್ರ ಎಂದು ಘೋಷಿಸಿದ. ಭಾಷಣ ಶುರು ಮಾಡಿದ್ದು ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯ ಮಾತಿನಿಂದ. ಅದಕ್ಕೂ ಎರಡು ವಾರ ಮುಂಚೆ, ಆಗಸ್ಟ್ 17ರಂದು, ಜಕಾರ್ತಾದಲ್ಲಿ ಸುಕಾರ್ನೊ ಮತ್ತು ಹತ್ತಾ ಇಂಡೋನೇಷ್ಯಾದ ಸ್ವಾತಂತ್ರ್ಯ ಸಾರಿಯಾಗಿತ್ತು. ಈ ಅವಕಾಶ ಸಿಕ್ಕಿದ್ದರ ಹಿಂದೆ ಮೆಕ್‌ಆರ್ಥರನ ಒಂದು ಆದೇಶವೂ ಇದೆ. ಟೋಕಿಯೋದಲ್ಲಿ ತಾನು ಸಹಿ ಮಾಡಿಸಿಕೊಳ್ಳುವವರೆಗೆ ಬೇರೆ ಯಾರೂ ಎಲ್ಲಿಯೂ ಶರಣಾಗತಿ ಪಡೆಯಬಾರದು, ಪಡೆ ಇಳಿಸಬಾರದು ಅಂತ ಆತ ತಾಕೀತು ಮಾಡಿದ್ದ. ಮೌಂಟ್‌ಬ್ಯಾಟನ್‌ನ ಹಡಗುಗಳು ಸಮುದ್ರದಲ್ಲೇ ಕಾಯಬೇಕಾಯಿತು. ಸೋತ ಜಪಾನೀಯರು ಇನ್ನೂ ಹೋಗಿರಲಿಲ್ಲ, ಗೆದ್ದವರು ಇನ್ನೂ ಬಂದಿರಲಿಲ್ಲ. ಆ ನಡುವಿನ ವಾರಗಳಲ್ಲಿ ಜನ ತಮ್ಮ ಸರ್ಕಾರ ತಾವೇ ಕಟ್ಟಿಕೊಂಡರು.

ನಕ್ಷೆಯ ಮೇಲಿನ ಎರಡು ಗೆರೆಗಳು

ಯಾವ ಜಪಾನಿ ಪಡೆ ಯಾರಿಗೆ ಶರಣಾಗಬೇಕು ಎಂದು ಹೇಳುವ ದಾಖಲೆಯ ಹೆಸರು ಜನರಲ್ ಆರ್ಡರ್ ನಂಬರ್ 1. ನೋಡಲು ಬರೀ ಆಡಳಿತಾತ್ಮಕ ಸುತ್ತೋಲೆ. ಆದರೆ ಇಪ್ಪತ್ತನೇ ಶತಮಾನದ ಎರಡು ದೊಡ್ಡ ಯುದ್ಧಗಳ ಬೀಜ ಈ ಏರ್ಪಾಡಿನಲ್ಲೇ ಇದೆ.

ಮೊದಲನೇ ಗೆರೆ ಕೊರಿಯಾದ 38ನೇ ಅಕ್ಷಾಂಶ. ಆಗಸ್ಟ್ 10ರ ಮಧ್ಯರಾತ್ರಿಯ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಅಧಿಕಾರಿಗಳಿಗೆ ಅರ್ಧ ಗಂಟೆ ಸಮಯ ಕೊಟ್ಟು, ಸೋವಿಯತ್ ಮತ್ತು ಅಮೆರಿಕದ ಪಾಲು ಗುರುತಿಸಿ ಅಂದರು. ಅವರ ಕೈಯಲ್ಲಿದ್ದದ್ದು ನ್ಯಾಷನಲ್ ಜಿಯಾಗ್ರಫಿಕ್ ನಕ್ಷೆ. ರಾಜಧಾನಿ ಸಿಯೋಲ್ ಅಮೆರಿಕದ ಕಡೆಗೆ ಬರಲಿ ಅಂತ ಗೆರೆ ಎಳೆದರು. ಸ್ಟಾಲಿನ್ ತಕರಾರಿಲ್ಲದೆ ಒಪ್ಪಿದ. ಸೆಪ್ಟೆಂಬರ್ 9ರಂದು ಸಿಯೋಲ್‌ನಲ್ಲಿ ಜಪಾನೀ ಬಾವುಟ ಇಳಿಯಿತು. ಏರಿದ್ದು ಕೊರಿಯಾದ ಬಾವುಟ ಅಲ್ಲ, ಅಮೆರಿಕದ್ದು. ಸ್ಥಳೀಯರು ಮೂರು ದಿನ ಮುಂಚೆಯಷ್ಟೇ ಘೋಷಿಸಿಕೊಂಡಿದ್ದ ಜನತಾ ಗಣರಾಜ್ಯವನ್ನು ಅಮೆರಿಕದ ಜನರಲ್ ಮಾನ್ಯ ಮಾಡಲೇ ಇಲ್ಲ. ಉತ್ತರದಲ್ಲಿ ಸೋವಿಯತ್ ಸೇನೆ ತನಗೆ ಬೇಕಾದ ಕಿಮ್ ಇಲ್ ಸುಂಗ್‌ನನ್ನು ತಂದು ಕೂರಿಸಿತು. ಐದು ವರ್ಷದೊಳಗೆ ಯುದ್ಧ.

ಎರಡನೇ ಗೆರೆ ವಿಯೆಟ್ನಾಂನ 16ನೇ ಅಕ್ಷಾಂಶ, ಪಾಟ್ಸ್‌ಡ್ಯಾಮ್ ಸಮ್ಮೇಳನದಲ್ಲಿ ತೀರ್ಮಾನವಾದದ್ದು. ಅದರ ಉತ್ತರಕ್ಕೆ ಚೀನಾದ ಸೇನೆ, ದಕ್ಷಿಣಕ್ಕೆ ಮೌಂಟ್‌ಬ್ಯಾಟನ್‌ನ ಸೇನೆ. ಮೌಂಟ್‌ಬ್ಯಾಟನ್‌ನ ಸೇನೆ ಅಂದ್ರೆ ಬಹುಪಾಲು ಭಾರತೀಯ ಸೇನೆ.

ಸಿಂಗಪುರ, ಸೈಗಾನ್, ಸುರಬಾಯ

ಸೆಪ್ಟೆಂಬರ್ 12ರಂದು ಸಿಂಗಪುರದ ಮುನಿಸಿಪಲ್ ಕಟ್ಟಡದಲ್ಲಿ ಆಗ್ನೇಯ ಏಷ್ಯಾದ ಜಪಾನೀ ಪಡೆಗಳ ಶರಣಾಗತಿ ನಡೆಯಿತು. ಕಾಯಿಲೆ ಬಿದ್ದಿದ್ದ ಫೀಲ್ಡ್ ಮಾರ್ಷಲ್ ತೆರೌಚಿ ಬದಲು ಜನರಲ್ ಇತಗಾಕಿ ಸಹಿ ಹಾಕಿದ. ಆ ಸಮಾರಂಭದಲ್ಲಿ ಭಾರತದ ಪ್ರತಿನಿಧಿಯಾಗಿ ಇದ್ದವರು ಮಡಿಕೇರಿಯಲ್ಲಿ ಹುಟ್ಟಿದ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಯುದ್ಧಭೂಮಿಯಲ್ಲಿ ಕಾಲಾಳು ಬ್ರಿಗೇಡೊಂದನ್ನು ಮುನ್ನಡೆಸಿದ ಮೊದಲ ಭಾರತೀಯ ಅವರು. ಅದೇ ಕಟ್ಟಡದ ಎದುರಿನ ಪಡಾಂಗ್ ಮೈದಾನದಲ್ಲಿ ಎರಡು ವರ್ಷ ಮುಂಚೆ, 1943ರ ಜುಲೈನಲ್ಲಿ, ಸುಭಾಷ್ ಚಂದ್ರ ಬೋಸ್ ಆಜಾದ್ ಹಿಂದ್ ಫೌಜಿನ ಕವಾಯತು ಸ್ವೀಕರಿಸಿದ್ದರು. ಫೌಜಿನ ಹುತಾತ್ಮರಿಗಾಗಿ ಬೋಸ್ ಅಲ್ಲೇ ಹತ್ತಿರ ಕಟ್ಟಿಸಿದ್ದ ಸ್ಮಾರಕವನ್ನು ಬ್ರಿಟಿಷರು ವಾಪಸ್ ಬಂದ ತಕ್ಷಣ ಒಡೆದು ಹಾಕಿದರು. ಒಂದೇ ಜಾಗದಲ್ಲಿ, ಎರಡು ಸಮವಸ್ತ್ರದಲ್ಲಿ, ಎರಡೂ ಕಡೆ ಭಾರತೀಯರೇ. ಇದರಲ್ಲಿ ಯಾರು ದೇಶಭಕ್ತ, ಯಾರು ದ್ರೋಹಿ ಅಂತ ವಾಟ್ಸಾಪಿನಲ್ಲಿ ತೀರ್ಪು ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಸೈಗಾನ್‌ಗೆ ಸೆಪ್ಟೆಂಬರ್ 13ರಂದು ಬಂದಿಳಿದವನು ಮೇಜರ್ ಜನರಲ್ ಡಗ್ಲಸ್ ಗ್ರೇಸಿ. ಆತನ 20ನೇ ಇಂಡಿಯನ್ ಡಿವಿಷನ್ ಇಂಫಾಲದಲ್ಲೂ ಬರ್ಮಾದಲ್ಲೂ ಜಪಾನೀಯರ ವಿರುದ್ಧ ಕಾದಿದ ಪಡೆ. ಅವನಿಗೆ ಇದ್ದ ಕೆಲಸ ಎರಡು: ಜಪಾನೀಯರ ಆಯುಧ ಇಳಿಸುವುದು, ಮಿತ್ರಪಡೆಯ ಸೆರೆಯಾಳುಗಳನ್ನು ಬಿಡಿಸುವುದು. ನಗರದಲ್ಲಿ ಆಗಲೇ ಅಧಿಕಾರ ನಡೆಸುತ್ತಿದ್ದ ವಿಯೆಟ್ ಮಿನ್ಹ್ ನೇತೃತ್ವದ ಸಮಿತಿಯ ಜೊತೆ ಗ್ರೇಸಿ ಮಾತುಕತೆಗೇ ಕೂರಲಿಲ್ಲ. 21ರಂದು ಸೇನಾ ಕಾನೂನು ಹೇರಿದ, ಪತ್ರಿಕೆಗಳನ್ನು ಮುಚ್ಚಿಸಿದ. ಜಪಾನೀ ಸೆರೆಯಿಂದ ಬಿಡುಗಡೆಯಾದ ಫ್ರೆಂಚ್ ಸೈನಿಕರ ಕೈಗೆ ಬಂದೂಕು ಕೊಟ್ಟ. 23ರ ನಸುಕಿನಲ್ಲಿ ಅವರು ಸರ್ಕಾರಿ ಕಟ್ಟಡಗಳನ್ನು ವಶಕ್ಕೆ ತೆಗೆದುಕೊಂಡು, ಕೈಗೆ ಸಿಕ್ಕ ವಿಯೆಟ್ನಾಮಿಗಳನ್ನು ಬೀದಿಯಲ್ಲಿ ಹೊಡೆದರು. ಎರಡು ದಿನದಲ್ಲಿ ಅದಕ್ಕೆ ಪ್ರತೀಕಾರವಾಗಿ ಒಂದು ಬಡಾವಣೆಯಲ್ಲಿ ಹೆಂಗಸರು, ಮಕ್ಕಳು ಸೇರಿ ಸುಮಾರು 150 ಫ್ರೆಂಚರ ಹತ್ಯೆಯಾಯಿತು. 26ರಂದು ಅಮೆರಿಕದ ಗುಪ್ತಚರ ಅಧಿಕಾರಿ ಪೀಟರ್ ಡ್ಯೂಯಿ ವಿಯೆಟ್ ಮಿನ್ಹ್ ಗುಂಡಿಗೆ ಸತ್ತ. ಫ್ರೆಂಚನೆಂದು ತಿಳಿದು ಹೊಡೆದರಂತೆ. ವಿಯೆಟ್ನಾಂನಲ್ಲಿ ಸತ್ತ ಮೊದಲ ಅಮೆರಿಕನ್ ಸೈನಿಕ ಆತ. 1975ರವರೆಗೆ ಎಳೆದ ಲೆಕ್ಕ ಅಲ್ಲಿಂದ ಶುರು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಪಡೆ ಸಾಲದು ಅಂತ ಗ್ರೇಸಿ ಜಪಾನೀ ಸೈನಿಕರ ಕೈಯಿಂದ ಆಯುಧ ಇಳಿಸುವ ಬದಲು ಅವರನ್ನೇ ವಿಯೆಟ್ ಮಿನ್ಹ್ ವಿರುದ್ಧ ಕಾದಾಟಕ್ಕೆ ಹಚ್ಚಿದ. ಕೆಲವೇ ತಿಂಗಳ ಹಿಂದೆ ಬರ್ಮಾದಲ್ಲಿ ಯಾರ ಗುಂಡಿಗೆ ತಮ್ಮ ಸಂಗಾತಿಗಳು ಸತ್ತಿದ್ದರೋ, ಅವರ ಜೊತೆಗೇ ನಿಂತು ಭಾರತದ ಸಿಪಾಯಿ ಇನ್ನೊಬ್ಬ ಗುಲಾಮ ದೇಶದ ಜನರ ಮೇಲೆ ಗುಂಡು ಹಾರಿಸಬೇಕಾಯಿತು. 1946ರ ಜನವರಿ ಹೊತ್ತಿಗೆ ಫ್ರೆಂಚರಿಗೆ ಅಧಿಕಾರ ಒಪ್ಪಿಸಿ ಗ್ರೇಸಿ ಹೊರಟ.

ಸುರಬಾಯ ಇನ್ನೂ ಘೋರ. ಜಾವಾದ ಈ ಬಂದರು ನಗರಕ್ಕೆ 49ನೇ ಇಂಡಿಯನ್ ಬ್ರಿಗೇಡ್ ಇಳಿದದ್ದು ಅಕ್ಟೋಬರ್ 25ರಂದು. ಅದರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್‌ಗಳಿದ್ದವು. ಆ ರೆಜಿಮೆಂಟಿನ ಕೇಂದ್ರ ಆಗಲೂ ಈಗಲೂ ನಮ್ಮ ಬೆಳಗಾವಿ. ಬ್ರಿಗೇಡಿಯರ್ ಮ್ಯಾಲಬಿ ಸ್ಥಳೀಯ ನಾಯಕರ ಜೊತೆ ಒಂದು ಒಪ್ಪಂದಕ್ಕೆ ಬಂದಿದ್ದ: ಇಂಡೋನೇಷ್ಯಾದವರ ಆಯುಧಕ್ಕೆ ಕೈ ಹಾಕುವುದಿಲ್ಲ. ಎರಡೇ ದಿನಕ್ಕೆ ಜಕಾರ್ತಾದಿಂದ ಬಂದ ಬ್ರಿಟಿಷ್ ವಿಮಾನ, ಅವನಿಗೂ ತಿಳಿಸದೆ, 48 ಗಂಟೆಯಲ್ಲಿ ಎಲ್ಲರೂ ಆಯುಧ ಒಪ್ಪಿಸಬೇಕು ಎಂಬ ಕರಪತ್ರ ಉದುರಿಸಿ ಹೋಯಿತು. ಮಾತು ತಪ್ಪಿದರು ಅಂತ ನಗರವೇ ತಿರುಗಿಬಿತ್ತು. ಅಲ್ಲಲ್ಲಿ ಚದುರಿದ್ದ ಭಾರತೀಯ ತುಕಡಿಗಳನ್ನು ಸುತ್ತುವರಿದು ಕೊಂದರು. ಸುಕಾರ್ನೊ ಖುದ್ದು ಬಂದು ಕದನವಿರಾಮ ಮಾಡಿಸಿದರೂ 30ರಂದು ಮ್ಯಾಲಬಿ ಹತನಾದ. ಬ್ರಿಟಿಷರು 5ನೇ ಇಂಡಿಯನ್ ಡಿವಿಷನ್ ತರಿಸಿದರು. ನವೆಂಬರ್ 10ರಂದು ಸಮುದ್ರದಿಂದ ಫಿರಂಗಿ, ಮೇಲಿಂದ ಬಾಂಬು, ನೆಲದ ಮೇಲೆ ಟ್ಯಾಂಕು. ಸುಮಾರು ಮೂರು ವಾರ ಬೀದಿ ಬೀದಿಯಲ್ಲಿ ಕಾದಾಟ. ಇಂಡೋನೇಷ್ಯಾದವರು ಸಾವಿರಾರು ಮಂದಿ ಸತ್ತರು. ಇವತ್ತಿಗೂ ಆ ದೇಶಕ್ಕೆ ನವೆಂಬರ್ 10 ವೀರರ ದಿನ. ಅವರ ವೀರರು ಯಾರ ಎದುರು ನಿಂತು ಸತ್ತರು ಅನ್ನುವುದು ನಮ್ಮ ಇತಿಹಾಸ ಪಾಠದಲ್ಲಿ ಇಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಜಪಾನೀ ಶಿಬಿರಗಳಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗೆ ಈ ಪಡೆಗಳು ಬಂದದ್ದು ನಿಜವಾದ ಬಿಡುಗಡೆಯೇ. ಜಾವಾದ ಶಿಬಿರಗಳಲ್ಲಿ ಡಚ್ ಹೆಂಗಸರು, ಮಕ್ಕಳು ಸಾವಿರಗಟ್ಟಲೆ ಇದ್ದರು. ಸ್ವಾತಂತ್ರ್ಯದ ಉನ್ಮಾದದಲ್ಲಿ ಸಶಸ್ತ್ರ ಯುವಕರ ಗುಂಪುಗಳು ಅವರ ಮೇಲೂ, ಮಿಶ್ರ ಜನಾಂಗದವರ ಮೇಲೂ, ಚೀನೀಯರ ಮೇಲೂ ನಡೆಸಿದ ಹಿಂಸೆ ಭೀಕರವಾಗಿತ್ತು. ಅವರನ್ನು ಕಾಪಾಡಲು ಹೋಗಿ ಸತ್ತ ಭಾರತೀಯ ಸಿಪಾಯಿಗಳಿದ್ದಾರೆ. ನಮ್ಮವರೇ ಸೆರೆಯಾಳುಗಳೂ ಆಗಿದ್ದರು. ಸಿಂಗಪುರದಲ್ಲಿ ಸೆರೆಸಿಕ್ಕಿ, ಆಜಾದ್ ಹಿಂದ್ ಫೌಜು ಸೇರಲು ಒಪ್ಪದ ಸಾವಿರಾರು ಮಂದಿಯನ್ನು ಜಪಾನೀಯರು ನ್ಯೂ ಗಿನಿ ಕಡೆಯ ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಿದ್ದರು. ಅಲ್ಲಿ ಆಸ್ಟ್ರೇಲಿಯಾದ ಸೈನಿಕರಿಗೆ ಸಿಕ್ಕ ಒಂದು ತಂಡದಲ್ಲಿ ಉಳಿದಿದ್ದವರು 11 ಜನ. ಅವರಲ್ಲಿ ಯುದ್ಧಾಪರಾಧದ ಸಾಕ್ಷಿ ಹೇಳಲು ಚಿಂತ್ ಸಿಂಗ್ ಎಂಬ ಅಧಿಕಾರಿ ಹಿಂದೆ ಉಳಿದರು. ಊರಿಗೆ ಹೊರಟ ಉಳಿದ ಹತ್ತೂ ಜನ ವಿಮಾನ ಅಪಘಾತದಲ್ಲಿ ಸತ್ತರು.

ಒಬ್ಬನನ್ನು ಸೆರೆಯಿಂದ ಬಿಡಿಸುವುದು ಒಂದು ಕೆಲಸ, ಅವನ ಹಳೆಯ ಜಮೀನ್ದಾರಿಕೆಯನ್ನು ವಾಪಸ್ ಕೊಡಿಸುವುದು ಬೇರೆ ಕೆಲಸ. ಇವೆರಡನ್ನೂ ಒಂದೇ ಸೈನಿಕನ ಕೈಯಲ್ಲಿ ಮಾಡಿಸಿದ್ದೇ 1945ರ ಮೋಸ ಅನ್ನುವುದು ನನ್ನ ಅಭಿಪ್ರಾಯ.

ಬೊಂಬಾಯಿಗೆ ಬಂದ ಸುದ್ದಿ

ಇದೆಲ್ಲ ಆಗ ಭಾರತದಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ನೆಹರೂ ಬಹಿರಂಗವಾಗಿಯೇ ಮಾತಾಡಿದರು. ನಮ್ಮಂತೆಯೇ ಸ್ವಾತಂತ್ರ್ಯಕ್ಕೆ ಹೋರಾಡುತ್ತಿರುವ ಸ್ನೇಹಿತರ ವಿರುದ್ಧ ಬ್ರಿಟಿಷರ ಹೊಲಸು ಕೆಲಸಕ್ಕೆ ನಮ್ಮ ಸೈನಿಕರನ್ನು ಬಳಸುತ್ತಿದ್ದಾರೆ ಎಂದು ಸಿಟ್ಟು, ನಾಚಿಕೆ, ಅಸಹಾಯಕತೆ ಮೂರನ್ನೂ ತೋಡಿಕೊಂಡರು. ಆಸ್ಟ್ರೇಲಿಯಾದ ಬಂದರುಗಳಲ್ಲಿ ಇಂಡೋನೇಷ್ಯಾಕ್ಕೆ ಆಯುಧ ಒಯ್ಯುವ ಡಚ್ ಹಡಗುಗಳಿಗೆ ಕಾರ್ಮಿಕರು ಬಹಿಷ್ಕಾರ ಹಾಕಿದಾಗ ಭಾರತೀಯ ಖಲಾಸಿಗಳೂ ಹಡಗು ಬಿಟ್ಟಿಳಿದರು. ಯೋರಿಸ್ ಇವೆನ್ಸ್‌ನ 'ಇಂಡೋನೇಷ್ಯಾ ಕಾಲಿಂಗ್' ಎಂಬ ಚಿಕ್ಕ ಸಾಕ್ಷ್ಯಚಿತ್ರದಲ್ಲಿ ಅವರನ್ನು ನೋಡಬಹುದು. ಜಾವಾದಲ್ಲಿ ನೂರಾರು ಭಾರತೀಯ ಸೈನಿಕರು, ಮುಖ್ಯವಾಗಿ ಮುಸ್ಲಿಮರು, ಪಡೆ ತೊರೆದು ಇಂಡೋನೇಷ್ಯಾದವರ ಜೊತೆ ಸೇರಿಕೊಂಡರು.

1945ರ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಮೇಲೆ ವಿಚಾರಣೆ ಶುರುವಾಯಿತು. ದೇಶ ಕುದಿಯತೊಡಗಿತು. 1946ರ ಫೆಬ್ರವರಿ 18ರಂದು ಬೊಂಬಾಯಿಯ ತಲ್ವಾರ್ ನೌಕಾ ನೆಲೆಯಲ್ಲಿ ನಾವಿಕರು ಬಂಡೆದ್ದರು. ಕೆಟ್ಟ ಊಟ, ಬಿಳಿ ಅಧಿಕಾರಿಗಳ ಬೈಗುಳ ಎಲ್ಲ ಆ ಬಂಡಾಯದ ಕಾರಣಗಳ ಪಟ್ಟಿಯಲ್ಲಿ ಬರುತ್ತವೆ. ಆದರೆ ಅವರ ಬೇಡಿಕೆಗಳಲ್ಲಿ ಇನ್ನೆರಡಿದ್ದವು: ಫೌಜಿನ ಕೈದಿಗಳನ್ನು ಬಿಡಿ, ಇಂಡೋನೇಷ್ಯಾದಿಂದ ಭಾರತೀಯ ಸೈನಿಕರನ್ನು ವಾಪಸ್ ಕರೆಸಿ. ಹುಳ ಬಿದ್ದ ಬೇಳೆಯ ವಿಷಯ ಎಲ್ಲರೂ ಹೇಳುತ್ತಾರೆ, ಇಂಡೋನೇಷ್ಯಾದ ವಿಷಯ ಯಾಕೋ ಕೈಬಿಟ್ಟುಹೋಗುತ್ತದೆ. ಇಪ್ಪತ್ತರ ಹರೆಯದ ಆ ಹುಡುಗರಿಗೆ ತಮ್ಮ ತಟ್ಟೆಯ ಆಚೆಗೂ ಕಣ್ಣಿತ್ತು.

ಡಚ್ಚರು ಇಂಡೋನೇಷ್ಯಾ ಬಿಟ್ಟುಕೊಟ್ಟದ್ದು 1949ರ ಡಿಸೆಂಬರ್‌ನಲ್ಲಿ. ಫ್ರೆಂಚರು ದಿಯೆನ್ ಬಿಯೆನ್ ಫುನಲ್ಲಿ ಸೋತದ್ದು 1954ರಲ್ಲಿ. ಆ ವರ್ಷದ ಜಿನೀವಾ ಒಪ್ಪಂದ ವಿಯೆಟ್ನಾಂ ಅನ್ನು ಮತ್ತೆ ಒಂದು ಅಕ್ಷಾಂಶದ ಗೆರೆಯಲ್ಲಿ, ಈ ಸಲ 17ರಲ್ಲಿ, ಸೀಳಿತು. ಅದನ್ನು ಕಾಯುವ ಅಂತಾರಾಷ್ಟ್ರೀಯ ಆಯೋಗಕ್ಕೆ ಭಾರತ ಅಧ್ಯಕ್ಷ. ಅದಕ್ಕೂ ಒಂದು ವರ್ಷ ಮುಂಚೆ, 1953ರಲ್ಲಿ, ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕಿ ತವರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ತಿಮ್ಮಯ್ಯನವರೇ. ಎಂಟು ವರ್ಷದ ಹಿಂದೆ ಸಿಂಗಪುರದಲ್ಲಿ ಜಪಾನಿನ ಸೋಲು ನೋಡಿದ್ದವರು, ಅದೇ ಶರಣಾಗತಿಗೆಂದು ಎಳೆದ ಗೆರೆಯ ಪಕ್ಕದಲ್ಲಿ ಕೂತು ಯಾವ ಕೊರಿಯಾಕ್ಕೂ ಹೋಗಲ್ಲ ಅನ್ನುವ ಹುಡುಗರ ಮಾತು ಕೇಳಬೇಕಾಯಿತು. ಅಂಥ 80ಕ್ಕೂ ಹೆಚ್ಚು ಜನ ಕೊನೆಗೆ ಭಾರತದ ಹಡಗು ಹತ್ತಿದರು.

ಜಪಾನಿನ ಜೊತೆಗಿನ ಶಾಂತಿಗೆ ಭಾರತ ತನ್ನದೇ ದಾರಿ ಹಿಡಿಯಿತು. 1951ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಹೋಗದೆ, 1952ರ ಜೂನ್ 9ರಂದು ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರ ಬೇಡ ಅಂದಿತು. ರಷ್ಯಾ ಮತ್ತು ಜಪಾನ್ ನಡುವೆ ಇವತ್ತಿನವರೆಗೂ ಶಾಂತಿ ಒಪ್ಪಂದ ಆಗಿಲ್ಲ, ಕುರಿಲ್ ದ್ವೀಪಗಳ ಜಗಳ ಹಾಗೇ ಇದೆ.

ಕಟ್ಟಕಡೆಗೆ ಶರಣಾದ ಜಪಾನೀ ಸೈನಿಕ ಅಂದ್ರೆ ಎಲ್ಲರೂ ಹಿರೂ ಒನೋಡಾ ಹೆಸರು ಹೇಳುತ್ತಾರೆ. ಫಿಲಿಪ್ಪೀನ್ಸಿನ ಕಾಡಿನಿಂದ 1974ರ ಮಾರ್ಚ್‌ನಲ್ಲಿ ಹೊರಬಂದವನು. ಜಪಾನಿನಲ್ಲಿ ಅವನಿಗೆ ವೀರನ ಸ್ವಾಗತ ಸಿಕ್ಕಿತು. ಆದರೆ ಅವನು ಕೊನೆಯವನಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಮೊರೊತಾಯ್ ದ್ವೀಪದಲ್ಲಿ ಇನ್ನೊಬ್ಬ ಸಿಕ್ಕ. ತೆರುವೊ ನಕಮುರಾ ಎಂಬುದು ಸೇನೆಯ ದಾಖಲೆಯಲ್ಲಿದ್ದ ಹೆಸರು. ಅವನು ಜಪಾನೀಯನಲ್ಲ, ಜಪಾನಿನ ವಸಾಹತಾಗಿದ್ದ ತೈವಾನಿನ ಆಮಿಸ್ ಬುಡಕಟ್ಟಿನವನು. ಯಾವ ಚಕ್ರವರ್ತಿಗಾಗಿ ಮೂವತ್ತು ವರ್ಷ ಕಾಡಿನಲ್ಲಿದ್ದನೋ, ಆ ದೇಶದ ಕಾನೂನಿನಲ್ಲಿ ಅವನು ಪ್ರಜೆಯೇ ಆಗಿರಲಿಲ್ಲ. ಪಿಂಚಣಿಗೂ ಅರ್ಹನಾಗಲಿಲ್ಲ. ಮೊದಲು ಕೊಟ್ಟ ಪುಡಿಗಾಸಿನ ಬಗ್ಗೆ ಜಪಾನಿನಲ್ಲೇ ಗಲಾಟೆಯಾದ ಮೇಲೆ ಸ್ವಲ್ಪ ಹೆಚ್ಚು ಕೊಟ್ಟರು. ಅವನು ತೈವಾನಿಗೆ ಮರಳಿದಾಗ ಅಲ್ಲಿ ಬೇರೆ ಬಾವುಟ, ಬೇರೆ ಆಡಳಿತ ಭಾಷೆ. ಅಧಿಕಾರಿಗಳು ಅವನಿಗೆ ಲೀ ಕುವಾಂಗ್ ಹುಯಿ ಅಂತ ಚೀನೀ ಹೆಸರು ಬರೆದಿಟ್ಟಿದ್ದರು. ನಾಲ್ಕು ವರ್ಷಕ್ಕೂ ಸ್ವಲ್ಪ ಹೆಚ್ಚು ಬದುಕಿದ್ದು 1979ರಲ್ಲಿ ತೀರಿಕೊಂಡ.